ಇಪ್ಪತ್ತೈದು ಮೆಗಾವ್ಯಾಟ್ ಎಂಬ ಗೆರೆ

(ಕಿಬ್ಬನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ಹೊತ್ತಿನ ವಿಷಯ ಕಾನೂನಿನ ಒಂದು ಸಣ್ಣ ಕಲಮಿಗೆ ಸೇರಿದ್ದು. ಯಾವ ಕರೆಂಟನ್ನು ನವೀಕರಿಸಬಹುದಾದ ಮೂಲದ್ದು ಎಂದು ಸರ್ಕಾರ ಲೆಕ್ಕಕ್ಕೆ ಹಿಡಿಯುತ್ತದೆ, ಎಷ್ಟು ದೊಡ್ಡ ಸ್ಥಾವರದವರೆಗೆ ಹಿಡಿಯುತ್ತದೆ, ಆ ಅಳತೆಯ ಗೆರೆಯನ್ನು ಎಲ್ಲಿ ಎಳೆದಿದ್ದಾರೆ ಎಂಬುದು. ಇಂಥ ಗೆರೆಯೊಂದರ ಜೊತೆ ನೀವೆಲ್ಲ ದಿನವೂ ಬದುಕುತ್ತಿದ್ದೀರಿ, ಅಲ್ಲಿಂದಲೇ ಹೊರಡೋಣ.

2008ರಿಂದ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಅದಕ್ಕಿಂತ ದೊಡ್ಡ ಮೋಟಾರು ಇಳಿಸಿದರೆ ಬಿಲ್ಲು ಬರುತ್ತದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಮೋಟಾರು ದೊಡ್ಡದು ಬೇಕು, ಗೆರೆ ಮಾತ್ರ ಇದ್ದಲ್ಲೇ ಇದೆ. ನೀರು ಮೇಲಿರುವ ಕಡೆ ಐದಾರು ಕೊಳವೆಬಾವಿಗೆ ಏಳೂವರೆ ಎಚ್‌ಪಿ ಮೋಟಾರು ಇಳಿಸಿಕೊಂಡ ದೊಡ್ಡ ಹಿಡುವಳಿದಾರರು ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ನೀರು ಪಾತಾಳ ಸೇರಿದ ಊರಿನಲ್ಲಿ ಒಂದೇ ಕೊಳವೆಬಾವಿ ನಂಬಿ ಮೂರೆಕರೆ ತೆಂಗು ಉಳಿಸಿಕೊಂಡವರು ಹನ್ನೆರಡೂವರೆ ಎಚ್‌ಪಿ ಇಳಿಸಿದರೆ ಕಟ್ಟಬೇಕು. ಗೆರೆ ಎಳೆದವರ ಮನಸ್ಸಿನಲ್ಲಿದ್ದದ್ದು ಸಣ್ಣ ರೈತ. ಗೆರೆ ಅಳೆಯುತ್ತಿರುವುದು ಮೋಟಾರನ್ನು.

ವಿದ್ಯುತ್ ಉತ್ಪಾದನೆಯ ಕಡೆಯೂ ಇಂಥದೇ ಒಂದು ಅಂಕಿ ಇದೆ: 25 ಮೆಗಾವ್ಯಾಟ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಎಚ್‌ಪಿಯ ಮೂರು ಸಾವಿರದ ಮುನ್ನೂರಕ್ಕೂ ಹೆಚ್ಚು ಮೋಟಾರುಗಳನ್ನು ಒಟ್ಟಿಗೆ ಓಡಿಸುವಷ್ಟು ಶಕ್ತಿ. ಬಹಳ ವರ್ಷಗಳ ಕಾಲ ನೀರಿನಿಂದ ಬರುವ ವಿದ್ಯುತ್ ಈ ಅಂಕಿಯೊಳಗಿದ್ದರೆ ನವೀಕರಿಸಬಹುದಾದದ್ದು, ಮೀರಿದರೆ ಅಲ್ಲ ಎಂದು ದೇಶದ ಲೆಕ್ಕವಿತ್ತು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 86ನೇ ಕಲಮು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಒಂದು ಕೆಲಸ ವಹಿಸಿತು. ನವೀಕರಿಸಬಹುದಾದ ಮೂಲಗಳನ್ನು ಬೆಳೆಸಬೇಕು, ಬೆಸ್ಕಾಂನಂಥ ವಿದ್ಯುತ್ ವಿತರಣಾ ಕಂಪನಿಗಳು ಇಷ್ಟು ಶೇಕಡಾ ಕರೆಂಟನ್ನು ಅಂಥ ಮೂಲಗಳಿಂದಲೇ ಕೊಳ್ಳಬೇಕೆಂದು ಗೊತ್ತುಪಡಿಸಬೇಕು. ಯಾವ ಸ್ಥಾವರ ಈ ಪಂಕ್ತಿಗೆ ಸೇರುತ್ತದೆಯೋ ಅದಕ್ಕೆ ಖಾತರಿ ಗಿರಾಕಿ, ಗೊತ್ತುಪಡಿಸಿದ ದರ. ಪಂಕ್ತಿಯಲ್ಲಿ ಕೂರುವುದಕ್ಕೆ ಕೋಟಿಗಟ್ಟಲೆ ಬೆಲೆಯಿದೆ.

ಈ 25 ಎಲ್ಲಿಂದ ಬಂತು? 1989ರಲ್ಲಿ 3 ಮೆಗಾವ್ಯಾಟ್‌ವರೆಗಿನ ಸಣ್ಣ ಜಲವಿದ್ಯುತ್ತನ್ನು ಕೇಂದ್ರದ ವಿದ್ಯುತ್ ಇಲಾಖೆಯಿಂದ ತೆಗೆದು ಅಸಾಂಪ್ರದಾಯಿಕ ಇಂಧನ ಇಲಾಖೆಗೆ ಕೊಟ್ಟರು. 1999ರ ನವೆಂಬರಿನಲ್ಲಿ ಅದನ್ನು 25ಕ್ಕೆ ಏರಿಸಿದರು. ಅಂದರೆ ಯಾವುದೋ ನದಿಯ ದಂಡೆಯಲ್ಲಿ ನಿಂತು, ಮೀನು ನೋಡಿ, ಕಾಡು ನೋಡಿ, ಮುಳುಗುವ ಮನೆ ಎಣಿಸಿ ಕಂಡುಕೊಂಡ ಅಂಕಿ ಇದಲ್ಲ. ಎರಡು ಸಚಿವಾಲಯಗಳು ಕಡತ ಹಂಚಿಕೊಂಡಾಗ ಬಿದ್ದ ಗೆರೆ. ಆಡಳಿತಕ್ಕೆ ಇಂಥ ಗೆರೆ ಬೇಕೇ ಬೇಕು. ಅದನ್ನೇ ಒಳ್ಳೆಯದು ಕೆಟ್ಟದ್ದರ ಗೆರೆಯಾಗಿ ಬಳಸತೊಡಗಿದಾಗ ತೊಂದರೆ ಶುರುವಾಯಿತು.

ಮಳವಳ್ಳಿ ತಾಲ್ಲೂಕಿನಲ್ಲಿ ಎರಡು ಹಳೆಯ ಜಲವಿದ್ಯುತ್ ಕೇಂದ್ರಗಳಿವೆ. ಶಿಂಷಾ ಕೇಂದ್ರ 1940ರದ್ದು, 17.2 ಮೆಗಾವ್ಯಾಟ್. ಶಿವನಸಮುದ್ರ 1902ರದ್ದು, ಈಗಿನ ಸಾಮರ್ಥ್ಯ 42. ಎರಡೂ ಕಾವೇರಿ ಕಣಿವೆಯವು, ಎರಡೂ ಕರ್ನಾಟಕ ವಿದ್ಯುತ್ ನಿಗಮಕ್ಕೆ ಸೇರಿದವು. ಶಿಂಷಾ ನದಿಯಂತೂ ನಮ್ಮ ಜಿಲ್ಲೆಯ ದೇವರಾಯನದುರ್ಗದಲ್ಲೇ ಹುಟ್ಟಿ, ಕಡಬದ ಕೆರೆ, ಮಾರ್ಕೋನಹಳ್ಳಿ ಜಲಾಶಯ ದಾಟಿ ಕೆಳಗೆ ಹೋಗುವಂಥದ್ದು. ಗಾತ್ರದ ಗೆರೆ ಹಿಡಿದು ನೋಡಿದರೆ ಶಿಂಷಾ ಒಳಗೆ, ಶಿವನಸಮುದ್ರ ಹೊರಗೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡು, ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಮುಟ್ಟಿಸಿ, 1905ರಲ್ಲಿ ಬೆಂಗಳೂರಿಗೆ ದೀಪ ಕೊಟ್ಟ ಸ್ಥಾವರ ಅದು. ಅಲ್ಲಿ ಜಲಪಾತದ ಎತ್ತರವನ್ನೇ ಬಳಸಿಕೊಂಡರು, ಊರು ಮುಳುಗಿಸುವ ಅಣೆಕಟ್ಟನ್ನು ಆ ಜಾಗದಲ್ಲಿ ಕಟ್ಟಲಿಲ್ಲ. ವರ್ಷವಿಡೀ ನೀರು ಸಿಗುವಂತೆ ಮಾಡಲು ಮುಂದೆ ಕನ್ನಂಬಾಡಿ ಅಣೆಕಟ್ಟು ಬಂತು, ಅಲ್ಲಿ ಊರುಗಳು ಹೋದವು, ಅದನ್ನೂ ಸೇರಿಸಿಯೇ ಹೇಳಬೇಕು. ಆದರೂ ನೂರಿಪ್ಪತ್ತು ವರ್ಷ ದಾಟಿ ತಿರುಗುತ್ತಿರುವ ಚಕ್ರಗಳನ್ನು ನವೀಕರಿಸಬಹುದಾದ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ್ದು ನೀರಲ್ಲ, ಕಾಡಲ್ಲ, ಜನರಲ್ಲ. 42 ಎಂಬ ಅಂಕಿ.

ಬೇರೆ ದೇಶಗಳಲ್ಲೂ ಇದೇ ಪಾಡು. ಕ್ಯಾಲಿಫೋರ್ನಿಯ ರಾಜ್ಯದ ಕಾನೂನು ಜಲವಿದ್ಯುತ್ತಿಗೆ 30 ಮೆಗಾವ್ಯಾಟ್ ಮಿತಿ ಇಟ್ಟಿದೆ. ಚೀನಾದಲ್ಲಿ 50ರವರೆಗೂ ಸಣ್ಣದು. ಅಮೆರಿಕದ ವರ್ಮಾಂಟ್ ರಾಜ್ಯ 200ರ ಮಿತಿ ಇಟ್ಟುಕೊಂಡಿತ್ತು, 2010ರಲ್ಲಿ ಅದನ್ನು ತೆಗೆದುಹಾಕಿತು; ಕೆನಡಾದ ಕ್ವಿಬೆಕ್ಕಿನ ದೈತ್ಯ ಅಣೆಕಟ್ಟುಗಳಿಂದ ಕೊಳ್ಳುವ ಕರೆಂಟೂ ಆಮೇಲೆ ಲೆಕ್ಕಕ್ಕೆ ಬಂತು. ಮೂವತ್ತು, ಐವತ್ತು, ಇನ್ನೂರು. ನದಿ ತಡೆದುಕೊಳ್ಳುವ ಹೊರೆ ದೇಶದ ಗಡಿ ದಾಟಿದ ಕೂಡಲೇ ಬದಲಾಗುವುದಿಲ್ಲ ತಾನೆ?

ಇನ್ನು ಇದೇ ಗೆರೆಯ ಮತ್ತೊಂದು ಕೆಲಸಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಮೂಲ ಪಾಠದ ಪ್ರಕಾರ 50 ಮೆಗಾವ್ಯಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಜಲವಿದ್ಯುತ್ ಯೋಜನೆಗೆ ಕೇಂದ್ರದ ಪರಿಸರ ಅನುಮತಿ ಬೇಕಿತ್ತು, 25ರಿಂದ 50ರೊಳಗಿದ್ದರೆ ರಾಜ್ಯಮಟ್ಟದ ಪ್ರಾಧಿಕಾರದ್ದು. 25ಕ್ಕಿಂತ ಕೆಳಗಿದ್ದರೆ ಬೇಡ. ಪರಿಣಾಮದ ಅಧ್ಯಯನ ಬೇಡ, ಸಾರ್ವಜನಿಕ ಅಹವಾಲು ಸಭೆ ಬೇಡ. ಅರಣ್ಯಭೂಮಿ ಬೇಕಾದರೆ ಅದರ ಅನುಮತಿ ಬೇರೆ, ಅದು ಇದ್ದೇ ಇದೆ. ಆದರೆ ನದಿಯ ಪರವಾಗಿ, ದಂಡೆಯವರ ಪರವಾಗಿ ಪ್ರಶ್ನೆ ಕೇಳುವ ಕಟ್ಟೆ ಇರುವುದಿಲ್ಲ.

ಹೀಗೆ ಒಂದೇ ಅಂಕಿಗೆ ಎರಡು ಕೆಲಸ ಕಟ್ಟಿದಂತಾಯಿತು. ಒಂದು, ಸಣ್ಣವರಿಗೆ ನೆರವು ಕೊಡುವುದು. ಇನ್ನೊಂದು, ಸಣ್ಣದು ಎಂಬ ಕಾರಣಕ್ಕೆ ವಿಚಾರಣೆಯಿಂದ ಬಿಡುಗಡೆ ಕೊಡುವುದು. ಮೊದಲನೆಯದು ನ್ಯಾಯ. ದೊಡ್ಡ ಬಂಡವಾಳದ ಎದುರು ಸಣ್ಣ ಉತ್ಪಾದಕರು ನಿಲ್ಲಬೇಕಾದರೆ ಕಾನೂನು ಆಸರೆ ಕೊಡಬೇಕು. ಎರಡನೆಯದಕ್ಕೆ ನ್ಯಾಯದ ಬುಡವೇ ಇಲ್ಲ. ಒಂದು ಯೋಜನೆಯಿಂದ ಹೊಳೆ ಬತ್ತುತ್ತದೋ ಇಲ್ಲವೋ ಎಂಬುದನ್ನು ಟರ್ಬೈನಿನ ಸಾಮರ್ಥ್ಯ ಹೇಳಲಾರದು.

ಪಶ್ಚಿಮ ಘಟ್ಟದ ಕಡೆಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಮಿನಿ ಹೈಡೆಲ್ ಎಂದರೆ ಸಾಮಾನ್ಯವಾಗಿ ಹೊಳೆಗೆ ಅಡ್ಡಲಾಗಿ ಒಂದು ಒಡ್ಡು, ಅಲ್ಲಿಂದ ಕಾಲುವೆ ಅಥವಾ ಸುರಂಗ, ಕೆಳಗೆ ಕೊಳವೆ, ಅದರ ಬುಡದಲ್ಲಿ ವಿದ್ಯುತ್ ಮನೆ. ಒಡ್ಡಿನಿಂದ ವಿದ್ಯುತ್ ಮನೆಯವರೆಗೆ ಹೊಳೆಯ ಮೂಲ ಪಾತ್ರದಲ್ಲಿ ಬೇಸಿಗೆಯಲ್ಲಿ ನೀರು ಇದ್ದರೂ ಇರಬಹುದು, ಇಲ್ಲದೆಯೂ ಹೋಗಬಹುದು. ಕಲ್ಲಿನ ಸಂದಿಯಲ್ಲಿ ಮೊಟ್ಟೆಯಿಡುವ ಮೀನುಗಳಿಗೆ, ಮೇಲೆ ಕೆಳಗೆ ಓಡಾಡುವ ಮೀನುಗಳಿಗೆ ದಾರಿ ಕಡಿಯುತ್ತದೆ. ಉಳಿದ ನೀರು ಬೆಚ್ಚಗಾಗುತ್ತದೆ. ಕಾಡಿನೊಳಗೆ ರಸ್ತೆ ಬರುತ್ತದೆ, ತಂತಿ ಬರುತ್ತದೆ. ನೇತ್ರಾವತಿ ಕಣಿವೆಯಲ್ಲಿ ನಡೆದ ಅಧ್ಯಯನಗಳು ಇಂಥ ಬದಲಾವಣೆಗಳನ್ನು ದಾಖಲಿಸಿವೆ. ಒಂದು ಹೊಳೆಗೆ ಒಂದು ಒಡ್ಡಾದರೆ ಹೇಗೋ ಸಹಿಸೀತು. ಉಪನದಿಗೊಂದರಂತೆ ಕಟ್ಟುತ್ತ ಹೋದರೆ? ಪ್ರತಿಯೊಂದೂ 25ರೊಳಗೆ, ಹಾಗಾಗಿ ಪ್ರತಿಯೊಂದೂ ಸಣ್ಣದು. ಎಲ್ಲವನ್ನೂ ಒಟ್ಟಿಗೆ ನೋಡುವ ಮೇಜು ಯಾವ ಕಚೇರಿಯಲ್ಲೂ ಇಲ್ಲ.

ಗೆರೆಯ ಕೆಳಗೆ ಉಳಿಯುವ ಆಸೆ ಹೇಗಿರುತ್ತದೆಂದು ಬಂಟ್ವಾಳದ ಹತ್ತಿರದ ಶಂಭೂರಿನಲ್ಲಿ ನೋಡಬಹುದು. ನೇತ್ರಾವತಿಯ ಮೇಲೆ ಅಲ್ಲಿರುವ ಒಂದೇ ಅಣೆಕಟ್ಟಿನ ವಿದ್ಯುತ್ತನ್ನು ಎರಡು ಹೆಸರಿನ ಎರಡು ಯೋಜನೆಗಳಾಗಿ, ಒಂದೊಂದೂ 25ರ ಗೆರೆ ದಾಟದಂತೆ ತೋರಿಸಲಾಗಿದೆ ಎಂಬುದು ನದಿಪರ ಸಂಘಟನೆಗಳು ಬಹಳ ಕಾಲದಿಂದ ಎತ್ತಿರುವ ಆಕ್ಷೇಪ. ಐದಾರು ಮೋಟಾರಿನ ಹಿಡುವಳಿದಾರರ ಮಾತು ಆಡಿದ್ದೆನಲ್ಲ, ಅದೇ ಲೆಕ್ಕ ಇಲ್ಲಿಯದೂ. ಗೆರೆ ಯಂತ್ರವನ್ನು ಅಳೆದರೆ ಯಂತ್ರವನ್ನು ಹೋಳು ಮಾಡುತ್ತಾರೆ. ಗೆರೆ ನದಿಯನ್ನು ಅಳೆದರೆ ಹೋಳು ಮಾಡಲು ಬರುವುದಿಲ್ಲ, ನದಿ ಒಂದೇ ಇರುತ್ತದೆ.

ಹಾಗಾದರೆ ದೊಡ್ಡದೇ ಮೇಲು ಎನ್ನುತ್ತೇನೆಂದು ತಿಳಿಯಬೇಡಿ. ನಮ್ಮ ಊರಿನ ಮುಂದಿನ ಬಿ.ಎಚ್. ರಸ್ತೆ ಹಿಡಿದು ಹೊರಟರೆ ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವಲ್ಲಿಗೆ ಹೋಗುತ್ತೇವೆ. ಜೋಗದ ಮೊದಲ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಬಂತು, 1035 ಮೆಗಾವ್ಯಾಟಿನ ಶರಾವತಿ ಕೇಂದ್ರ ಬೆಳೆಯಿತು. ನಮ್ಮ ಅಜ್ಜಂದಿರು ಕಪಿಲೆ ಬಿಟ್ಟು ಪಂಪ್‌ಸೆಟ್ಟಿಗೆ ಬಂದದ್ದು ಆ ನೀರಿನ ಪುಣ್ಯದಿಂದ. ಮುಳುಗಡೆಯಾಗಿ ಎದ್ದುಹೋದವರ ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರಿಗೆ ನಾವು ಬಾಕಿದಾರರು, ತೋಟ ಹಸಿರಾಗಿರುವ ಪ್ರತಿಯೊಬ್ಬರೂ.

2019ರ ಮಾರ್ಚಿನಲ್ಲಿ ಕೇಂದ್ರ ಸಂಪುಟ 25ಕ್ಕೆ ಮೇಲ್ಪಟ್ಟ ಜಲವಿದ್ಯುತ್ತನ್ನೂ ನವೀಕರಿಸಬಹುದಾದದ್ದು ಎಂದು ಘೋಷಿಸಿತು. ಆ ತಿಂಗಳ 8ರ ನಂತರ ಚಾಲೂ ಆದ ದೊಡ್ಡ ಯೋಜನೆಗಳಿಗೆ ಕಂಪನಿಗಳು ಇಷ್ಟು ಪಾಲು ಕೊಳ್ಳಲೇಬೇಕೆಂಬ ಬೇರೆ ಕಟ್ಟಳೆಯೂ ಬಂತು. ಇದಕ್ಕೆ ತಾಂತ್ರಿಕ ಕಾರಣವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಬಿಸಿಲು ಸಂಜೆಗೆ ಮುಗಿಯುತ್ತದೆ, ಗಾಳಿ ಹೇಳಿ ಕೇಳಿ ಬೀಸುವುದಿಲ್ಲ. ಬೇಕೆಂದಾಗ ಗೇಟು ತೆರೆದು ನಿಮಿಷಗಳಲ್ಲಿ ಕರೆಂಟು ಕೊಡಬಲ್ಲದ್ದು ನೀರು. ಆದರೆ ಏನಾಯಿತು ನೋಡಿ. ಗೆರೆಯ ಮೊದಲ ಕೆಲಸವನ್ನು, ಅಂದರೆ ಸಣ್ಣವರಿಗೆ ಮಾತ್ರ ನೆರವು ಎಂಬುದನ್ನು, ಅಳಿಸಿದರು. ಎರಡನೆಯದನ್ನು, ಸಣ್ಣದಕ್ಕೆ ಪರಿಸರ ವಿಚಾರಣೆ ಬೇಡ ಎಂಬುದನ್ನು, ಹಾಗೇ ಬಿಟ್ಟರು. ಅಳಿಸಬೇಕಾದದ್ದು ಉಳಿಯಿತು, ಉಳಿಸಬೇಕಾದದ್ದು ಅಳಿಯಿತು. ಈಗ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗೆ ಬಿಡುವುದು, ಸಿಂಗಳೀಕಗಳ ಅಭಯಾರಣ್ಯದೊಳಗೆ. ಎತ್ತಲು ಖರ್ಚಾದಷ್ಟು ಕರೆಂಟು ಇಳಿಯುವಾಗ ಹಿಂದಿರುಗುವುದಿಲ್ಲ. ಅದು ಸಂಗ್ರಹದ ಸಾಧನ, ಉತ್ಪಾದನೆಯ ಮೂಲವಲ್ಲ. ಕೊಳ್ಳುವ ಕಟ್ಟಳೆಯ ಲೆಕ್ಕದಲ್ಲಿ ಇಂಥ ಯೋಜನೆಗಳನ್ನೂ ದೊಡ್ಡ ಜಲವಿದ್ಯುತ್ತಿನ ಜೊತೆ ಸೇರಿಸಿದ್ದಾರೆ.

ಬಿಸಿಲಿನ ಕಡೆ ಗೆರೆಯೇ ಇರಲಿಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿದೆ. 42 ಮೆಗಾವ್ಯಾಟಿನ ಶಿವನಸಮುದ್ರ ಪಂಕ್ತಿಯಿಂದ ಹೊರಗಿದ್ದ ಕಾಲದಲ್ಲೇ, 2018ರಲ್ಲಿ, ಈ ಪಾರ್ಕಿನ ಉದ್ಘಾಟನೆಯಾಯಿತು. ಸೌರವಿದ್ಯುತ್ತಿಗೆ ಎಷ್ಟೇ ದೊಡ್ಡದಾದರೂ ಪರಿಸರ ಅನುಮತಿ ಬೇಕಿಲ್ಲ. ಪಾವಗಡದವರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಬರ ತಿಂದ ನೆಲದಲ್ಲಿ ಅದು ಹಲವು ಮನೆಗಳನ್ನು ಉಳಿಸಿದೆ, ಅದನ್ನು ಸಂತೋಷದಿಂದಲೇ ಹೇಳುತ್ತೇನೆ. ಭೂಮಿ ಇಲ್ಲದವರ ಪಾಲಿಗೆ ಗುತ್ತಿಗೆಯ ದುಡ್ಡೂ ಬರಲಿಲ್ಲ, ಶೇಂಗಾ ಕೀಳುವ ಕೂಲಿಯೂ ಹೋಯಿತು, ಕುರಿ ಮೇಯಿಸುವ ಬಯಲೂ ಬೇಲಿಯೊಳಗೆ ಸೇರಿತು. ಅವರ ಹೆಸರು ಯಾವ ಒಪ್ಪಂದದಲ್ಲಿತ್ತು?

ನಮ್ಮ ಜಿಲ್ಲೆಗೆ ಇನ್ನೊಂದು ಚರಿತ್ರೆಯಿದೆ, ಅದು ಪಾವಗಡಕ್ಕಿಂತ ಹಳೆಯದು. ತುರುವೇಕೆರೆಯ ಮಗ್ಗುಲಿನ ಕುಣಿಗಲ್ ತಾಲ್ಲೂಕಿನಲ್ಲಿ ಉಂಗ್ರ ಎಂಬ ಊರಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ತನ್ನ ಗ್ರಾಮ ಕೇಂದ್ರವನ್ನು ಅಲ್ಲಿ ತೆರೆಯಿತು. ಹತ್ತಿರದ ಪುರದಲ್ಲಿ ಊರಿನ ಸಗಣಿಯನ್ನೆಲ್ಲ ಒಟ್ಟುಮಾಡಿ ಗೋಬರ್ ಗ್ಯಾಸಿನಿಂದ ಎಂಜಿನ್ ಓಡಿಸಿ ದೀಪ ಹಚ್ಚಿದರು, ಕುಡಿಯುವ ನೀರು ಎತ್ತಿದರು, ಬಗ್ಗಡವನ್ನು ಗೊಬ್ಬರವಾಗಿ ಹಿಂದಿರುಗಿಸಿದರು. 1988ರಲ್ಲಿ ಹೊಸಹಳ್ಳಿಯಲ್ಲಿ ಸೌದೆಯ ಅನಿಲದಿಂದ ಓಡುವ ಒಂದು ಪುಟ್ಟ ಸ್ಥಾವರ, 3.7 ಕಿಲೋವ್ಯಾಟಿನದು, ಇಡೀ ಊರಿಗೆ ಬೆಳಕು ಕೊಟ್ಟಿತು. ಆಮೇಲೆ ಅದು 20 ಕಿಲೋವ್ಯಾಟಿಗೆ ಬೆಳೆದು ಹಿಟ್ಟಿನ ಗಿರಣಿಯನ್ನೂ ನಡೆಸಿತು. ಹತ್ತು ಎಚ್‌ಪಿಗಿಂತ ಕಡಿಮೆ ಶಕ್ತಿಯಿಂದ ಒಂದು ಊರಿನ ರಾತ್ರಿ ಬದಲಾದದ್ದು ಇಲ್ಲಿಂದ ಸ್ವಲ್ಪ ದೂರದಲ್ಲಿ.

ಮುಂದೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯ ಯೋಜನೆಯಲ್ಲಿ, 500 ಕಿಲೋವ್ಯಾಟಿನ ಸೌದೆ ಅನಿಲ ಸ್ಥಾವರ ಬಂತು. 2007ರಿಂದ ಒಂದು ಗ್ರಾಮ ಪಂಚಾಯಿತಿ ಬೆಸ್ಕಾಂಗೆ ಕರೆಂಟು ಮಾರಿತು. ಪಂಚಾಯಿತಿ ಕರೆಂಟು ಮಾರುವುದು! ನನಗೆ ಈ ರಾಜ್ಯದ ವಿದ್ಯುತ್ ಚರಿತ್ರೆಯಲ್ಲಿ ಶಿವನಸಮುದ್ರದಷ್ಟೇ ಹೆಮ್ಮೆಯ ಸಂಗತಿ ಅದು. ಸಿಕ್ಕ ದರ ಯೂನಿಟ್ಟಿಗೆ 2 ರೂಪಾಯಿ 85 ಪೈಸೆ. 2005ರ ಆದೇಶದಲ್ಲಿ ನಿಯಂತ್ರಣ ಆಯೋಗ ಜೀವರಾಶಿ ವಿದ್ಯುತ್ತಿಗೆಂದು ಗೊತ್ತುಮಾಡಿದ್ದ ದರವೂ ಅದೇ. ಮಳವಳ್ಳಿ ತಾಲ್ಲೂಕಿನಲ್ಲಿ ತೆಂಗಿನ ಗರಿ, ಕಬ್ಬಿನ ಸೋಗೆ ಉರಿಸಿ 4.5 ಮೆಗಾವ್ಯಾಟ್ ತೆಗೆಯುವ ಖಾಸಗಿ ಸ್ಥಾವರ ಬಂದಿತ್ತು. ಅಂಥ ಸ್ಥಾವರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ದರವನ್ನೇ ಅದರ ಒಂಬತ್ತನೇ ಒಂದರಷ್ಟು ಗಾತ್ರದ ಪಂಚಾಯಿತಿಗೂ ಹಾಕಿದರು. ಒಂದು ಯೂನಿಟ್ಟಿಗೆ ಒಂದರಿಂದ ಒಂದೂವರೆ ಕೆ.ಜಿ. ಸೌದೆ ಬೇಕು. ಕಡಿಯುವ ಕೂಲಿ, ಸಾಗಿಸುವ ಬಾಡಿಗೆ, ಯಂತ್ರದ ಬಿಡಿಭಾಗ, ನಡೆಸುವವರ ಸಂಬಳ ಎಲ್ಲ ಆ ಎರಡು ಎಂಬತ್ತೈದರಲ್ಲೇ ಏಳಬೇಕು. ಏಳಲಿಲ್ಲ.

ನದಿಯ ವಿಷಯದಲ್ಲಿ ಗಾತ್ರವೇ ಎಲ್ಲ ಎಂದ ಕಾನೂನು, ಪಂಚಾಯಿತಿ ಬಂದಾಗ ಗಾತ್ರವನ್ನು ನೋಡಲೇ ಇಲ್ಲ. ಗೆರೆ ಬೇಕಾಗಿದ್ದದ್ದು ಇಲ್ಲಿ. 500 ಕಿಲೋವ್ಯಾಟ್‌ವರೆಗಿನ, ಊರೇ ಒಡೆಯನಾಗಿರುವ ಸ್ಥಾವರಕ್ಕೆ ಬೇರೆ ದರ, ಬೇರೆ ಕರಾರು, ದುರಸ್ತಿಗೆ ಬೇರೆ ನಿಧಿ ಇದ್ದಿದ್ದರೆ ಕಬ್ಬಿಗೆರೆಯನ್ನು ನೋಡಿ ಇನ್ನಷ್ಟು ಊರುಗಳು ಕಲಿಯುತ್ತಿದ್ದವು. ತೆಂಗಿನ ಸೀಮೆಯಲ್ಲಿ ಉರಿಸಲು ಏನಿಲ್ಲ ಹೇಳಿ: ಗರಿ, ಎಡೆಮಟ್ಟೆ, ಚಿಪ್ಪು, ಮಟ್ಟೆ. ಒಂದು ಎಚ್ಚರ ಮಾತ್ರ ಇರಲಿ. ಗರಿ ಮರದ ಬುಡಕ್ಕೆ ಮುಚ್ಚಿಗೆ, ಮಟ್ಟೆ ನಾರಿಗೂ ತೋಟದ ತೇವ ಹಿಡಿಯುವುದಕ್ಕೂ ಬೇಕು. ಎಲ್ಲವನ್ನೂ ಒಲೆಗೆ ಹಾಕಿದರೆ ನೆಲ ಬಡವಾಗುತ್ತದೆ. ಎಷ್ಟು ಉರಿಸಬಹುದು, ಎಷ್ಟು ನೆಲಕ್ಕೆ ಬಿಡಬೇಕು ಎಂಬುದು ತೋಟದವರಿಗೆ ಗೊತ್ತು. ಊರಿನ ಕೈಯಲ್ಲಿರುವ ಸಣ್ಣ ಸ್ಥಾವರ ಆ ಮಾತು ಕೇಳೀತು, ನೂರು ಕಿಲೋಮೀಟರಿನಿಂದ ಲಾರಿಯಲ್ಲಿ ಗರಿ ತರಿಸುವ ಸ್ಥಾವರಕ್ಕೆ ಕೇಳಿಸುವುದು ಕಷ್ಟ.

ಈಗ ಕಾನೂನಿನಲ್ಲಿ ಸಣ್ಣವರ ಪರವಾಗಿ ಕೆಲವು ಕಿಂಡಿಗಳು ಮತ್ತೆ ತೆರೆದಿವೆ. 2023ರ ಅಕ್ಟೋಬರಿನ ಕೇಂದ್ರ ಅಧಿಸೂಚನೆ ಕೊಳ್ಳುವ ಕಟ್ಟಳೆಯೊಳಗೆ ವಿಕೇಂದ್ರಿತ ವಿದ್ಯುತ್ತಿಗೆಂದು ಒಂದು ಪಾಲನ್ನು ಬೇರೆಯಾಗಿ ಇಟ್ಟಿತು: 10 ಮೆಗಾವ್ಯಾಟ್‌ಗಿಂತ ಸಣ್ಣ ಸ್ಥಾವರಗಳಿಂದಲೇ ಬರಬೇಕು, 2024-25ರಲ್ಲಿ ಶೇಕಡಾ 1.5, 2029-30ಕ್ಕೆ 4.5. ಒಳ್ಳೆಯ ಹೆಜ್ಜೆ. ಆದರೆ ಪಾವಗಡದ ಲೆಕ್ಕದಲ್ಲಿ ಮೆಗಾವ್ಯಾಟಿಗೆ ಆರು ಎಕರೆ ಹಿಡಿದರೂ 10 ಮೆಗಾವ್ಯಾಟ್ ಎಂದರೆ ಅರವತ್ತು ಎಕರೆ. ನಮ್ಮ ಕಡೆ ಅರವತ್ತೆಕರೆ ಒಂದೇ ಕೈಯಲ್ಲಿರುವ ಸಣ್ಣ ರೈತರು ಯಾರಿದ್ದಾರೆ? ಈ ಪಾಲಿನೊಳಗೆ ಪಂಚಾಯಿತಿ, ಸಹಕಾರ ಸಂಘ, ರೈತ ಉತ್ಪಾದಕ ಕಂಪನಿಗಳಿಗೆಂದು ಇನ್ನೊಂದು ಪಾಲನ್ನು ನಮ್ಮ ರಾಜ್ಯದ ಆಯೋಗ ಎತ್ತಿಡಬೇಕು, ಅದರ ದರವನ್ನು ಪಾವಗಡದಂಥ ಪಾರ್ಕಿನ ಹರಾಜಿನ ದರಕ್ಕೆ ಕಟ್ಟಿಹಾಕಬಾರದು. ಆಯೋಗ ಕರಡು ನಿಯಮ ಹೊರಡಿಸಿದಾಗ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಕೈಗಾರಿಕಾ ಸಂಘಗಳು ವಕೀಲರನ್ನು ಕಳಿಸುತ್ತವೆ. ತೆಂಗು ಬೆಳೆಗಾರರ ಸಂಘಗಳೂ ಎರಡು ಪುಟ ಬರೆದು ಕಳಿಸಬಹುದು.

ತಿಪಟೂರು ಸುತ್ತಿನ ಕಾಯಿಪುಡಿ ಕಾರ್ಖಾನೆಗಳವರಿಗೆ ಒಂದು ಮಾತು. ಹಸಿರು ವಿದ್ಯುತ್ತನ್ನು ನೇರವಾಗಿ ಉತ್ಪಾದಕರಿಂದ ಕೊಳ್ಳಲು ಮೊದಲು 1 ಮೆಗಾವ್ಯಾಟ್ ಬೇಡಿಕೆ ಇರಬೇಕಿತ್ತು, 2022ರ ಜೂನ್‌ನ ಕೇಂದ್ರ ನಿಯಮ ಅದನ್ನು 100 ಕಿಲೋವ್ಯಾಟಿಗೆ ಇಳಿಸಿತು. ನೀವು ಕೊಳ್ಳುವ ಕರೆಂಟು ದೂರದ ಪಾರ್ಕಿನದೇ ಆಗಬೇಕೆಂದಿಲ್ಲ, ಪಕ್ಕದ ಊರಿನ ರೈತರದೂ ಆಗಬಹುದು.

ಪಂಚಾಯಿತಿ ಸದಸ್ಯರಿಗೆ ಇನ್ನೊಂದು. 2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆಯ ‘ಎ’ ಭಾಗದಲ್ಲಿ ಸಬ್‌ಸ್ಟೇಷನ್ನಿನಿಂದ 5 ಕಿ.ಮೀ. ಒಳಗಿನ ಜಮೀನಿನಲ್ಲಿ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟ್‌ವರೆಗಿನ ಸೌರ ಸ್ಥಾವರ ಹಾಕಲು ರೈತರಿಗೆ, ರೈತ ಗುಂಪುಗಳಿಗೆ, ಸಹಕಾರ ಸಂಘಗಳಿಗೆ, ಪಂಚಾಯಿತಿಗಳಿಗೂ ಅವಕಾಶವಿದೆ. 500 ಕಿಲೋವ್ಯಾಟಿಗೆ ಮೂರು ಎಕರೆ ಬರಡು ಸಾಕು. ನಮ್ಮ ಕಿಬ್ಬನಹಳ್ಳಿ (ಕೆ.ಬಿ.) ಕ್ರಾಸಿನಲ್ಲಿ 220 ಕೆ.ವಿ. ಕೇಂದ್ರವೇ ಇದೆ, ಸುತ್ತ ಸಣ್ಣ ಸಬ್‌ಸ್ಟೇಷನ್ನುಗಳಿವೆ. ಗೋಮಾಳ ಕೊಡಬೇಡಿ, ದನ ಕುರಿಯವರ ಹೊಟ್ಟೆಯ ಮೇಲೆ ಸೋಲಾರ್ ಹಾಸಿದಂತಾಗುತ್ತದೆ. ಕಲ್ಲು ತೆಗೆದು ಬಿಟ್ಟ ಹಳ್ಳಗಳ ಅಂಚು, ಬೆಳೆಯೇಳದ ಕರಲು ನೆಲ ಎಷ್ಟಿದೆ, ಯಾವ ಸರ್ವೆ ನಂಬರಿನಲ್ಲಿದೆ, ಯಾವ ಸಬ್‌ಸ್ಟೇಷನ್ನಿಗೆ ಎಷ್ಟು ದೂರ ಎಂಬ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಬೆಸ್ಕಾಂ ಯೂನಿಟ್ಟಿಗೆ ಎಷ್ಟು ಕೊಡುತ್ತದೆ, ಆ ಕರಾರು ಎಷ್ಟು ವರ್ಷದ್ದು, ಬಿಲ್ಲು ತಡವಾದರೆ ಬಡ್ಡಿ ಯಾರು ಕಟ್ಟುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯಿರಿ.